ನಾಲ್ಕು ಹೊಸ ಸ್ಕ್ರೂಗಳು

"ಇದು ನಿಮ್ಮ ತಾಯಿ ಹೇಳಿದಷ್ಟು ಹಳೇದಲ್ಲ," ಎಂದಳು ಅವಳು, ತಲೆಯೆತ್ತದೆ.

ಅಂಗೈಯಗಲದ ಪ್ಲಾಸ್ಟಿಕ್ ಹೋಲ್ಡರ್. ಎರಡು ಪಾರದರ್ಶಕ ಹಾಳೆಗಳ ನಡುವೆ ಒಂದು ಬೆಳ್ಳಿ ನಾಣ್ಯ, ಮೂಲೆಗೊಂದರಂತೆ ಹೊಳೆಯುವ ಉಕ್ಕಿನ ಸ್ಕ್ರೂ. ನಾಣ್ಯದಂಗಡಿಯ ಹಿಂದಿನ ಕೋಣೆಯಲ್ಲಿ ಕುಳಿತು ಇಂಥವುಗಳ ವಯಸ್ಸು ಹೇಳುವುದೇ ಅವಳ ಕೆಲಸ.

ಎದುರಿಗೆ ನಿಂತವನು ಪಕ್ಕದ ಬೀದಿಯ ಗಡಿಯಾರ ರಿಪೇರಿಯವನು. ಅಂಗಡಿಯ ಗೋಡೆ ಗಡಿಯಾರ ಕೆಡದಿದ್ದರೂ ತಿಂಗಳಲ್ಲಿ ನಾಲ್ಕು ಸಲ ಬಂದು ನೋಡಿಹೋಗಿದ್ದ. ಏಕೆಂದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಇರುವುದರಲ್ಲೂ ಒಂದು ಸುಖವಿತ್ತು.

"ಮದುವೆಗೆ ಮುಂಚೆ ಅಪ್ಪ ಅಮ್ಮನಿಗೆ ಕೊಟ್ಟಿದ್ದು. ಅಮ್ಮ ತೀರಿಹೋಗೋವರೆಗೂ ದಿಂಬಿನ ಹತ್ರಾನೇ ಇಟ್ಕೊಂಡಿದ್ರು."

"ಇಂಥ ಹೋಲ್ಡರ್ ಬಂದಿದ್ದೇ ನೀವು ಹುಟ್ಟಿದ ಮೇಲೆ. ಯಾರೋ ಕಟ್ಟಿದ ಕಥೆ ಇರ್ಬೇಕು."

ಅವನ ಮುಖ ಸಪ್ಪಗಾಯಿತು. "ಯಾರೋ ಅಲ್ಲ... ನಮ್ಮಮ್ಮ."

ಏನು ನೋಡಿ ಹಾಗೆಂದಳೆಂದು ಅವಳು ಹೇಳಲಿಲ್ಲ, ಅವನೂ ಕೇಳಲಿಲ್ಲ. ಹೋಲ್ಡರನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೊರಟೇಬಿಟ್ಟ.

'ನಾನು ನಿಜವನ್ನೇ ಹೇಳಿದ್ದಲ್ಲವೇ? ಮತ್ತೆ ಯಾಕಿಷ್ಟು ಸಂಕಟ...'

ಒಂದು ವಾರ ಕಾದಳು. ಎರಡು ವಾರ. ಬಾಗಿಲು ಸದ್ದಾದಾಗಲೆಲ್ಲ ತಲೆಯೆತ್ತಿದಳು; ಬಂದವರೆಲ್ಲ ಬೇರೆಯವರೇ. ಬಾಡಿಗೆ ಕೋಣೆಗೆ ಮರಳಿದರೆ ಗೋಡೆಗಳ ಜೊತೆಗೇ ಮಾತು. ಊಟದ ತಟ್ಟೆ ಮುಂದಿಟ್ಟುಕೊಂಡು ತನ್ನ ಮಾತನ್ನೇ ಮತ್ತೆ ಮತ್ತೆ ಮೆಲುಕು ಹಾಕಿದಳು. ಮೊದಲೂ ಒಬ್ಬಳೇ ಇದ್ದಳು. ಆದರೆ ಆಗ ಹೀಗೆ ನೋಯುತ್ತಿರಲಿಲ್ಲ.

ಮೂರನೆಯ ವಾರ ಅದೇ ಮಾದರಿಯ ಇನ್ನೊಂದು ಹೋಲ್ಡರ್ ಮೇಜಿಗೆ ಬಂತು. ಸ್ಕ್ರೂಗಳು ಉಕ್ಕಿನವೇ. ಅಂಚು ಮಾತ್ರ ನುಣುಪು, ಅಚ್ಚಿನಲ್ಲಿ ಹೊಯ್ದದ್ದು.

ಅವಳು ಅಂಚಿನ ಮೇಲೆ ಮತ್ತೊಮ್ಮೆ ಬೆರಳಾಡಿಸಿದಳು. ಅವನದರ ಅಂಚು ಬೆರಳಿಗೆ ತರಿತರಿಯಾಗಿ ತಾಗಿತ್ತಲ್ಲ... ಗರಗಸದಿಂದ ಕೈಯಲ್ಲೇ ಕೊಯ್ದ ಹಾಳೆ ಅದು. ಅಚ್ಚು ಬರುವುದಕ್ಕಿಂತ ಎಷ್ಟೋ ಮೊದಲಿನದು. ಆ ಕಾಲದವಕ್ಕೆ ಹಿತ್ತಾಳೆಯ ಸ್ಕ್ರೂ ಇರಬೇಕು. ಉಕ್ಕಿನದನ್ನು ಕಂಡದ್ದೇ ತಡ ಈಚಿನದೆಂದು ತೀರ್ಮಾನಿಸಿ, ತಾನು ಅಂಚನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ತೀರಿಹೋದ ತಾಯಿಯನ್ನು ಸುಳ್ಳುಗಾತಿ ಮಾಡಿಬಿಟ್ಟಿದ್ದಳು.

ಕೈಯಲ್ಲಿದ್ದ ಕೆಲಸವನ್ನು ಅಲ್ಲೇ ಬಿಟ್ಟು ಪಕ್ಕದ ಬೀದಿಗೆ ಓಡಿದಳು.

ಅವನು ಭೂತಗನ್ನಡಿ ಹಿಡಿದು ಬಗ್ಗಿ ಕುಳಿತಿದ್ದ.

"ನಿಮ್ಮಮ್ಮ ಹೇಳಿದ್ದೇ ನಿಜ. ಸ್ಕ್ರೂ ನೋಡಿ ಮೋಸಹೋದೆ. ಅವನ್ನ ಆಮೇಲೆ ಬದಲಾಯಿಸಿದಾರೆ... ಕ್ಷಮಿಸಿ."

ಅವನು ಭೂತಗನ್ನಡಿಯನ್ನು ಕೆಳಗಿಟ್ಟ.

"ಬದಲಾಯಿಸಿದ್ದು ನಾನೇ. ಹಿತ್ತಾಳೆಯವು ಕಿಲುಬು ಹಿಡಿದಿದ್ವು. ನಿಮ್ಮ ಮುಂದೆ ಇಡ್ಬೇಕಲ್ಲ, ಚೆನ್ನಾಗಿ ಕಾಣ್ಲಿ ಅಂತ ಹಿಂದಿನ ದಿನ ಹೊಸದು ಹಾಕಿದೆ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ವಯಸ್ಸು ಕೇಳೋಕೆ ಬಂದೋರು ಹಾಗೆಲ್ಲ ಮಾಡ್ತಾರಾ?"

"ಅದರ ವಯಸ್ಸು ನನಗೆ ಗೊತ್ತಿತ್ತು. ಅದನ್ನ ನಿಮಗೆ ಕೊಡೋಕೆ ಬಂದಿದ್ದೆ."

ಅವಳು ಒಂದು ಹೆಜ್ಜೆ ಹತ್ತಿರ ಬಂದಳು. "ಮತ್ತೆ... ಇಷ್ಟು ದಿನ ಯಾಕೆ ಬರ್ಲಿಲ್ಲ?"

"ಕರೆದಿದ್ರೆ ಬರ್ತಿದ್ದೆ."

"ಈಗ ಕರೀತಿದೀನಿ," ಎಂದು ಅವಳು ಅಂಗೈ ಚಾಚಿದಳು.

ಅವನು ಅದರಲ್ಲಿ ಮೊದಲು ತನ್ನ ಕೈಯನ್ನೇ ಇಟ್ಟ.