ಆ ಎಣ್ಣೆ ಸುರಿದ ಕೈ

ಅಣ್ಣ ತೀರಿಕೊಂಡ ವಾರ, ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ, ಅಪ್ಪ ಕೇಳಿದರೆಂದು ಅವರ ಎರಡೂ ಕೈ ಹಿಡಿದುಕೊಂಡು ಅವಳು ಮಾತು ಕೊಟ್ಟಿದ್ದಳು.

"ಅವನ ಮುಖ ನೋಡಲ್ಲ ಅಪ್ಪಾ. ಮದುವೆ ಅನ್ನೋ ಮಾತೇ ಇನ್ನಿಲ್ಲ. ಈ ಜನ್ಮದಲ್ಲಿ ಅವನು ನನಗೆ ಯಾರೂ ಅಲ್ಲ."

ಅಪ್ಪ ತಲೆ ಎತ್ತಲಿಲ್ಲ. "ನೆನಪಿರಲಿ" ಅಂದರು, ಅಷ್ಟೇ.

ನೆನಪಿತ್ತು. ವರ್ಷಗಳು ಉರುಳಿದವು. ಅಣ್ಣನ ಸ್ಪ್ಯಾನರುಗಳು ಅವಳ ಕೈಗೆ ಬಂದವು. ಅಪ್ಪ ಬಾಗಿಲ ಬಳಿಯ ಕುರ್ಚಿ ಹಿಡಿದರು, ಆಮೇಲೆ ಒಂದು ಬೋಲ್ಟನ್ನೂ ಮುಟ್ಟಲಿಲ್ಲ. ಗ್ಯಾರೇಜು ಅವಳದ್ದಾಯಿತು, ಅದರ ಒಂಟಿತನವೂ ಅವಳದ್ದೇ ಆಯಿತು.

ಆ ಮಧ್ಯಾಹ್ನ ಬೀದಿಯ ತಿರುವಿನಲ್ಲಿ ಗೇರು ಕಿರುಚಿದ ಸದ್ದು ಕೇಳಿಸಿತು. ಎರಡನೇ ಗೇರು... ಹಲ್ಲಿಗೆ ಹಲ್ಲು ಮಸೆದ ಹಾಗೆ.

ಬಿಳಿ ವ್ಯಾನೊಂದು ತೆವಳುತ್ತಾ ಬಂದು ಗ್ಯಾರೇಜಿನ ಮುಂದೆ ನಿಂತಿತು. ಪಕ್ಕದಲ್ಲಿ ಕಪ್ಪು ಪಟ್ಟಿ, ಹಿಂದೆ ಕಿಟಕಿಯಿಲ್ಲದ ಬಾಗಿಲು. ಶವ ಸಾಗಿಸುವ ವ್ಯಾನು.

ಚಾಲಕ ಇಳಿದ.

ಅವಳ ಕೈಯಲ್ಲಿದ್ದ ಬಟ್ಟೆ ಜಾರಿ ನೆಲಕ್ಕೆ ಬಿತ್ತು.

ಅವನೇ! ಒಂದು ಬೋಲ್ಟು ಬಿಚ್ಚೋಕೆ ಅರ್ಧ ದಿನ ಬೇಕು ಇವನಿಗೆ ಅಂತ ಅಣ್ಣ 'ಆಮೆ' ಎಂದು ಹೆಸರಿಟ್ಟಿದ್ದ ಮನುಷ್ಯ. ಇದೇ ಗ್ಯಾರೇಜಿನಲ್ಲಿ ಅಪ್ಪನ ಕೈಕೆಳಗೆ ಕೆಲಸ ಕಲಿತವನು. ಅವಳನ್ನು 'ಜಗಳಗಂಟಿ' ಎಂದು ಕರೆದು, ದಿನಾ ಬೈಸಿಕೊಂಡು, ಬೈಸಿಕೊಂಡಿದ್ದಕ್ಕೇ ಖುಷಿಪಡುತ್ತಿದ್ದವನು.

ಅಣ್ಣನ ಸಾವಿಗೆ ಕಾರಣನಾದವನು!

"ಬೇರೆ ಎಲ್ಲ ಕಡೆ ಕೇಳ್ದೆ, ನಾಳೆ ಬನ್ನಿ ಅಂದ್ರು" ಎಂದ ಅವನು, ನೆಲ ನೋಡುತ್ತಾ. "ಆಸ್ಪತ್ರೆಯಿಂದ ಒಬ್ಬರನ್ನ ಮನೆಗೆ ತಲುಪಿಸಬೇಕು. ಮನೆಯವರು ಕಾಯ್ತಿದಾರೆ. ದಾರೀಲಿ ಘಾಟಿ ಇಳೀಬೇಕು... ಈ ಗೇರು ನಂಬ್ಕೊಂಡು ಇಳಿಯೋಕೆ ಧೈರ್ಯ ಇಲ್ಲ. ನೀವು... ದಯವಿಟ್ಟು ನೋಡ್ತೀರಾ?"

ನೀವು.

ಬೈಗುಳಕ್ಕಿಂತ ಆ ಒಂದು ಮಾತು ಜೋರಾಗಿ ತಾಗಿತು. ಹೌದು, ಅವನಿಗೆ ನಾನೀಗ 'ನೀವು'. ಇರಲಿ. ಅದೇ ಸರಿ.

ಅದೂ ಘಾಟಿ. ಅಣ್ಣ ಹೋಗಿದ್ದೂ ಘಾಟಿಯಲ್ಲೇ. ಸರಕು ತುಂಬಿದ ಗಾಡಿ, ಇಳಿಜಾರು. ಎರಡನೇ ಗೇರಿಗೆ ಹಾಕಲು ಹೋದರೆ ಗೇರು ಬೀಳಲೇ ಇಲ್ಲ. ಬ್ರೇಕು ಕಾದು ಕೈಕೊಟ್ಟಿತು. ಆಮೇಲೆ ನಜ್ಜುಗುಜ್ಜಾದ ಗಾಡಿಯ ಗೇರ್ ಬಾಕ್ಸ್ ಬಿಚ್ಚಿದಾಗ ಒಳಗಿದ್ದದ್ದು ತಪ್ಪು ಎಣ್ಣೆ. ಹಿಂದಿನ ಆಕ್ಸಲಿಗೆ ಹಾಕುವ, ಗಂಧಕ ಬೆರೆತ ಎಣ್ಣೆ. ಗೇರುಗಳನ್ನು ಹೊಂದಿಸುವ ಹಿತ್ತಾಳೆ ಉಂಗುರಗಳನ್ನು ಅದು ಒಳಗೊಳಗೇ ತಿಂದು ಹಾಕಿತ್ತು.

ಯಾರು ಹಾಕಿದ್ದು ಎಂದು ಎಲ್ಲರೂ ಕೇಳಿದಾಗ ಆಮೆ ಮುಂದೆ ಬಂದು ಹೇಳಿದ್ದ, "ನಾನೇ."

"ಒಳಗೆ ತನ್ನಿ" ಎಂದಳು ಅವಳು. ತನ್ನ ದನಿ ತನಗೇ ಅಪರಿಚಿತವೆನಿಸಿತು. "ಕಾಯ್ತಿರೋರಿಗೋಸ್ಕರ. ನಿಮಗೋಸ್ಕರ ಅಲ್ಲ!"

ಬಾಗಿಲ ಬಳಿ ಅಪ್ಪ ಕುರ್ಚಿಯಿಂದ ಅರ್ಧ ಎದ್ದು ನಿಂತಿದ್ದರು. "ಯಾರನ್ನ ಒಳಗೆ ಬಿಟ್ಕೊಳ್ತಿದೀಯ, ಗೊತ್ತಿದೆಯಾ?"

"ಗಾಡೀನ ಬಿಟ್ಕೊಳ್ತಿದೀನಿ ಅಪ್ಪಾ."

ವ್ಯಾನು ಒಳಗೆ ಬಂದು ನಿಂತಮೇಲೆ ಅವಳು ಅದರ ಅಡಿಯ ರಿಪೇರಿ ಗುಂಡಿಗೆ ಇಳಿದಳು. ತಲೆಯ ಮೇಲೆ ವ್ಯಾನಿನ ಹೊಟ್ಟೆ ಇನ್ನೂ ಬೆಚ್ಚಗಿತ್ತು. ಓಡಿ ಬಂದ ಗಾಡಿ, ಎಣ್ಣೆ ತೆಳ್ಳಗಾಗಿ ಪೂರ್ತಿ ಇಳಿಯುತ್ತದೆ. ಗೇರ್ ಬಾಕ್ಸಿನ ಎಣ್ಣೆ ಇಳಿಸುವ ಕೆಳಗಿನ ಬೋಲ್ಟಿಗೆ ಸ್ಪ್ಯಾನರ್ ಇಟ್ಟಳು...

"ಮೊದಲು ಮೇಲಿನದ್ದು" ಎಂದ ಅವನು ಮೆಲ್ಲಗೆ, ಗುಂಡಿಯ ಅಂಚಿನಿಂದ.

ಅವಳ ಮುಖ ಕೆಂಪಾಯಿತು. ಗೊತ್ತಿಲ್ಲದ್ದೇನಲ್ಲ! ತುಂಬುವ ತೂತಿನ ಬೋಲ್ಟು ಬಿಚ್ಚಿಕೊಳ್ಳುತ್ತದೆಯೇ ಎಂದು ಮೊದಲು ನೋಡಬೇಕು. ಇದ್ದ ಎಣ್ಣೆ ಇಳಿಸಿಬಿಟ್ಟು ಆಮೇಲೆ ಅದು ತುಕ್ಕು ಹಿಡಿದು ಕೂತಿದ್ದರೆ ಗಾಡಿ ಅಲ್ಲೇ ಹೆಣ. ಅವಳು ಬೇರೆಯವರಿಗೆ ಕಲಿಸುವ ಮೊದಲ ಪಾಠವೇ ಅದು. ಇಂದು ಮಾತ್ರ ಕೈ ಅವಳ ಮಾತು ಕೇಳುತ್ತಿರಲಿಲ್ಲ.

"ಹೆಣ ಹೊರೋರು ನನಗೆ ಕೆಲಸ ಹೇಳಿಕೊಡೋದು ಬೇಡ."

"ಸರಿ."

"ಸರಿ ಅಂತ ಬೇರೆ!"

"ಮತ್ತೇನು ಅನ್ನಲಿ?"

ಅವಳು ಮೇಲಿನ ಬೋಲ್ಟನ್ನೇ ಮೊದಲು ಬಿಚ್ಚಿದಳು. ಆಮೇಲೆ ಕೆಳಗಿನದ್ದು. ಎಣ್ಣೆ ಕಪ್ಪಗೆ ತಟ್ಟೆಗೆ ಇಳಿಯಿತು. ಬೆರಳಲ್ಲಿ ಅದ್ದಿ ಬೆಳಕಿಗೆ ಹಿಡಿದರೆ ಹಳದಿ ಮಿನುಗು, ಹಿತ್ತಾಳೆಯ ಪುಡಿ.

"ಉಂಗುರ ಸವೆದಿದೆ. ಹೊಸ ಎಣ್ಣೆ ಹಾಕಿದ್ರೆ ಸದ್ಯಕ್ಕೆ ಓಡತ್ತೆ. ನಾಳೆನೇ ಬಾಕ್ಸ್ ಬಿಚ್ಚಿಸಬೇಕು."

ಅಷ್ಟರಲ್ಲಿ ಮೇಲೆ ಹೆಜ್ಜೆ ಸದ್ದಾಯಿತು. ಅಪ್ಪ! ಇಷ್ಟು ವರ್ಷ ಎಣ್ಣೆಯ ಕಪಾಟಿನ ಹತ್ತಿರ ಸುಳಿಯದ ಅಪ್ಪ ಇವತ್ತು ದಡಬಡ ಹೋಗಿ ಹಳೆಯ ಡಬ್ಬಿಯೊಂದನ್ನು ಎತ್ತಿಕೊಂಡಿದ್ದರು. ಆ ಗ್ಯಾರೇಜಿನ ಪದ್ಧತಿಯೇ ಹಾಗಿತ್ತು: ಡ್ರಮ್ಮಿನಿಂದ ಡಬ್ಬಿಗೆ ಇಳಿಸಿದ ಎಣ್ಣೆಗೆ ಚೀಟಿ ಅಂಟಿಸುತ್ತಿರಲಿಲ್ಲ. ಯಜಮಾನರು ಮೂಸಿ ಆರಿಸಬೇಕು, ಕೆಲಸದವನು ಸುರಿಯಬೇಕು. ಅಪ್ಪನ ಮೂಗು ಅಂದರೆ ಆ ಬೀದಿಯಲ್ಲೇ ಹೆಸರು. ಅಣ್ಣನ ಗಾಡಿಗೆ ಆಮೆ ಅವರನ್ನು ಕೇಳದೇ ಸುರಿದಿರಬೇಕು ಎಂದೇ ಎಲ್ಲರೂ ನಂಬಿದ್ದರು. ಅಣ್ಣ ಹೋದಮೇಲೆ ಅವಳು ಮುದ್ರೆ ಒಡೆಯದ ಡಬ್ಬಿಗಳನ್ನು ಮಾತ್ರ ನಂಬುತ್ತಿದ್ದಳು. ಹಳೆಯವು ಕಪಾಟಿನ ಮೂಲೆಯಲ್ಲಿ ಹಾಗೇ ಉಳಿದಿದ್ದವು.

ಅಪ್ಪ ಮುಚ್ಚಳ ತೆಗೆದು, ಹಿಂದಿನಂತೆಯೇ ಕಣ್ಣು ಮುಚ್ಚಿ, ಉದ್ದಕ್ಕೆ ಮೂಸಿದರು.

"ಇದೇ. ಬೇಗ ಸುರಿದು ಸಾಗಹಾಕು ಅವನನ್ನ."

ಡಬ್ಬಿ ಅವಳ ಕೈಗೆ ಬಂತು. ಮುಖದ ಹತ್ತಿರ ಬರುವ ಮೊದಲೇ ವಾಸನೆ ಹೊಡೆಯಿತು... ಕೊಳೆತ ಮೊಟ್ಟೆ, ಸುಟ್ಟ ಬೆಂಕಿಕಡ್ಡಿ, ಎರಡೂ ಕೂಡಿದ ಹಾಗೆ.

ಆಕ್ಸಲ್ ಎಣ್ಣೆ!

ಗುಂಡಿಯ ತಳದಲ್ಲಿದ್ದ ಅವಳೇ ಮುಖ ಹಿಂದಕ್ಕೆಳೆದುಕೊಂಡಳು. ಅಪ್ಪ ಅದರೊಳಗೆ ಮೂಗಿಟ್ಟು ನಿಂತಿದ್ದರಲ್ಲ?

ಅವಳು ಮೇಲೆ ನೋಡಿದಳು. ಆಮೆಯ ಕಣ್ಣು ಡಬ್ಬಿಯ ಮೇಲಿತ್ತು. ಅವಳು ನೋಡುತ್ತಿದ್ದಾಳೆಂದು ತಿಳಿದೊಡನೆ ಅವನು ಮುಖ ತಿರುಗಿಸಿಕೊಂಡ.

ಹಿಂದೊಮ್ಮೆ ಹಾಲು ಉಕ್ಕಿ ಸೀದು ಮನೆಯೆಲ್ಲ ನಾತ ಹೊಡೆದ ದಿನ ಅಪ್ಪ ಏನೂ ತಿಳಿಯದವರಂತೆ ಒಲೆಯ ಪಕ್ಕದಲ್ಲೇ ಕೂತಿದ್ದರು. ಮಗನ ದುಃಖದಲ್ಲಿ ಮೈಮರೆತಿದ್ದಾರೆ ಎಂದುಕೊಂಡಿದ್ದಳು...

ಅವಳು ಗುಂಡಿಯಿಂದ ಹತ್ತಿ ಬಂದಳು. ಗಾಡಿಯ ಭಾಗ ತೊಳೆಯುವ, ಸೀಮೆಎಣ್ಣೆಯಲ್ಲಿ ನೆನೆದ ಚಿಂದಿಯನ್ನು ಮುಷ್ಟಿಯಲ್ಲಿ ಮುಚ್ಚಿ ಅಪ್ಪನ ಮೂಗಿನ ಹತ್ತಿರ ಹಿಡಿದಳು.

"ಇದು ಯಾವುದರ ವಾಸನೆ ಅಪ್ಪಾ?"

ಅಪ್ಪ ಮೂಸಿದರು. ಮತ್ತೊಮ್ಮೆ ಮೂಸಿದರು. ಅವರ ಕಣ್ಣು ಗ್ಯಾರೇಜಿನ ತುಂಬ ಓಡಾಡಿತು, ಎಲ್ಲಾದರೂ ಉತ್ತರ ಕಾಣಿಸೀತೇ ಎಂಬಂತೆ.

"ಬೇಡ ಕಣೇ, ಬಿಟ್ಬಿಡು!" ಎಂದ ಆಮೆ.

"ನೀನು ಸುಮ್ನಿರು! ಅಪ್ಪಾ, ಹೇಳಿ. ಯಾವುದರ ವಾಸನೆ?"

ಅಪ್ಪ ಕುರ್ಚಿಯಲ್ಲಿ ಕುಸಿದರು. "ನಿಮ್ಮಣ್ಣ ಹೋಗೋ ಮೊದಲು ಆ ದೊಡ್ಡ ಜ್ವರ ಬಂದಿತ್ತಲ್ಲ... ಅವತ್ತೇ ಹೋಯ್ತು. ಮೂಗೇ ಇಲ್ಲದ ಯಜಮಾನ ಅಂತ ಯಾರಿಗೆ ಹೇಳಲಿ?"

ಅಣ್ಣನ ಗಾಡಿಗೆ ಎಣ್ಣೆ ಆರಿಸಿದ್ದು ಅಪ್ಪ. ಹೆತ್ತ ಅಪ್ಪ!

ಅವಳು ಆಮೆಯತ್ತ ತಿರುಗಿದಳು. "ನೀನು ಯಾಕೆ ತಪ್ಪು ಹೊತ್ಕೊಂಡೆ? ದೊಡ್ಡ ಮನುಷ್ಯ ಆಗೋಕಾ?"

"ಸುರಿದದ್ದು ನಾನೇ ಅಲ್ವಾ?"

"ಆರಿಸಿದ್ದು ಅಪ್ಪ!"

"ನನಗೆ ಮೂಗಿತ್ತು." ಅವನ ದನಿ ಒಡೆಯಿತು. "ವಾಸನೆ ಬೇರೆ ಇದೆ ಯಜಮಾನ್ರೇ ಅಂದೆ. ನನಗೇ ಹೇಳಿಕೊಡ್ತೀಯಾ ಅಂತ ರೇಗಿದ್ರು. ನಾಳೆ ಹೆಣ್ಣು ಕೊಡೋರು, ಎದುರು ಮಾತು ಬೇಡ ಅನ್ಕೊಂಡೆ. ಗೊತ್ತಿದ್ದೂ ಸುರಿದೆ. ನಿನಗಾಗಿ ಸುಮ್ನಿದ್ದೆ... ನಿನ್ನ ಅಣ್ಣನ್ನೇ ಕಳೆದೆ. ಸುಳ್ಳು ಹೇಳಲಿಲ್ಲ ಕಣೇ. ಪೂರ್ತಿ ಹೇಳಲಿಲ್ಲ, ಅಷ್ಟೇ."

ಅವಳು ಅವನ ಎದೆಗೆ ಗುದ್ದಿದಳು. ಮತ್ತೆ ಮತ್ತೆ ಗುದ್ದಿದಳು. ಅವನು ಕದಲಲಿಲ್ಲ. ಕೊನೆಗೆ ಆ ಅಂಗಿಯನ್ನೇ ಮುಷ್ಟಿಯಲ್ಲಿ ಹಿಡಿದು ಬಿಕ್ಕಿದಳು.

"ಮಗಳೇ" ಎಂದರು ಅಪ್ಪ, ಹಿಂದಿನಿಂದ. "ನೀನು ನನಗೆ ಮಾತು ಕೊಟ್ಟಿದೀಯ. ಅವನು ಇಲ್ಲಿದ್ರೆ... ದಿನಾ ಅವನ ಮುಖ ನೋಡ್ಕೊಂಡು ನಾನು ಹೇಗೆ ಬದುಕಲಿ?"

ಹಾಗಾದರೆ ಅಪ್ಪ ಅಂದು ಕೇಳಿದ ಮಾತು ಅಣ್ಣನಿಗಾಗಿ ಅಲ್ಲ! ನಿಜ ಗೊತ್ತಿದ್ದವನು ಕಣ್ಣೆದುರು ಇರಬಾರದು ಎಂದು.

ಅವಳಿಗೆ ಸಿಟ್ಟು ಬರಲಿಲ್ಲ. ಒಣಗಿದ ಕೈ, ನಡುಗುವ ಗಲ್ಲ... ಈ ಮುದುಕನನ್ನು ಬೈದು ಏನು ಬರುತ್ತದೆ? ಆದರೆ ಆ ಮಾತಿನ ಭಾರಕ್ಕೆ ಇನ್ನು ಅವಳ ಬೆನ್ನು ಬಾಗುವುದಿಲ್ಲ.

ಅವಳು ಮುದ್ರೆಯಿದ್ದ ಹೊಸ ಡಬ್ಬಿ ತೆಗೆದಳು. ಚೀಟಿ ಓದಿದಳು, ಮೂಸಿದಳು, ಅವನಿಗೂ ಕೊಟ್ಟಳು. ಅವನು ಮೂಸಿ ತಲೆಯಾಡಿಸಿದ. ಇಬ್ಬರೂ ಗುಂಡಿಗಿಳಿದರು. ಕೆಳಗಿನ ಬೋಲ್ಟು ಬಿಗಿದು, ಮೇಲಿನ ತೂತಿನ ಅಂಚಿಗೆ ಎಣ್ಣೆ ತುಳುಕುವವರೆಗೆ ಅವಳು ಸುರಿದಳು. ಅವನು ದೀಪ ಹಿಡಿದ.

ವ್ಯಾನು ಹೊರಗೆ ಬಂದಾಗ ಅವಳು ಪಕ್ಕದ ಸೀಟಿನಲ್ಲಿದ್ದಳು.

"ಊಟ ಮುಚ್ಚಿಟ್ಟಿದೀನಿ ಅಪ್ಪಾ" ಎಂದಳು ಕಿಟಕಿಯಿಂದ. "ರಾತ್ರಿ ಬರ್ತೀನಿ. ಒಬ್ಬಳೇ ಬರಲ್ಲ. ಮೂರೂ ಜನ ಒಬ್ಬರ ಮುಖ ಒಬ್ಬರು ನೋಡ್ಕೊಂಡೇ ಬದುಕಬೇಕು ಇನ್ನು."

ಅಪ್ಪ ಮೆಲ್ಲಗೆ ಎದ್ದು ಕುರ್ಚಿಯನ್ನು ಒಳಕ್ಕೆ ಎಳೆದುಕೊಂಡರು.

ಆಸ್ಪತ್ರೆಯ ಹಿಂದಿನ ಬಾಗಿಲಲ್ಲಿ ಯಾರದೋ ಮನೆಯವರು ಅಳುತ್ತಾ ನಿಂತಿದ್ದರು. ಶವವನ್ನು ಹೊತ್ತು ವ್ಯಾನು ಘಾಟಿಯ ತುದಿಗೆ ಬಂತು. ಅವನ ಕೈ ಗೇರಿನ ಮೇಲೆ ತಡೆದು ನಿಂತಿತು. ಅವಳು ಅದರ ಮೇಲೆ ತನ್ನ ಕೈ ಇಟ್ಟಳು. ಎರಡನೇ ಗೇರು ಸದ್ದಿಲ್ಲದೆ ಬಿತ್ತು.

"ನನ್ನನ್ನ ಕ್ಷಮಿಸಿದೀಯಾ?"

"ಇಲ್ಲ."

"ಮತ್ತೆ ಯಾಕೆ ಬಂದೆ?"

"ನಿನ್ನ ಮೇಲೆ ಸಿಟ್ಟು ಮಾಡ್ಕೊಳ್ಳೋಕೂ ನೀನು ಎದುರಿಗೆ ಬೇಕಲ್ಲ! ಇಷ್ಟು ವರ್ಷ ಗೋಡೆ ಜೊತೆ ಜಗಳ ಆಡಿ ಸಾಕಾಗಿದೆ ನನಗೆ."

"ಎಷ್ಟು ದಿನ ಬೈತೀಯ?"

"ಬದುಕಿರೋವರೆಗೂ. ಆಗತ್ತಾ ನಿನ್ನ ಕೈಲಿ?"

"ಆಗತ್ತೆ ಕಣೇ... ಜಗಳಗಂಟಿ."

ಅವಳು ಕಣ್ಣೊರೆಸಿಕೊಂಡಳು. "ರಸ್ತೆ ನೋಡು."

ಅಪ್ಪನಿಗೆ ಕೊಟ್ಟಿದ್ದ ಮಾತನ್ನು ಅವಳು ಮುರಿದಳು.