ಬರೆಯದೆ ಬಿಟ್ಟ ಸಾಲು

“ಈ ಅಕ್ಷರಾ ಯಾರ ಸಲುವಾಗಿ ಹಾಕೀರಿ?”

ಹಾನಗಲ್ಲಿನ ಧರ್ಮಾರ್ಥ ಡಯಾಲಿಸಿಸ್ ಕೇಂದ್ರದ ಕೌಂಟರಿನ ಮುಂದೆ ನಿಂತು ಹರಿಪ್ರಿಯಾ ಕೇಳಿದಾಗ, ಕಂಪ್ಯೂಟರಿನ ಮುಂದಿದ್ದ ತರುಣ ತಲೆ ಎತ್ತಿ ನೋಡಿದ. ಅವಳ ಕಣ್ಣಿನಲ್ಲಿ ನೀರಿತ್ತು. ಸಿಟ್ಟಿಗೆ ಬಂದ ನೀರು.

ಗೋಡೆಯ ಮೇಲಿನ ಪರದೆಯಲ್ಲಿ ಇಂಗ್ಲಿಷ್ ಸಾಲೊಂದು ಬೆಳಗಿನಿಂದ ಹಾಗೇ ನಿಂತಿತ್ತು. ಒಂದು ಯಂತ್ರ ಕೆಟ್ಟಿದೆ, ಅದರ ಪಾಳಿಯವರು ಕೌಂಟರಿಗೆ ಬಂದರೆ ಬೇರೆ ಯಂತ್ರ ಕೊಡುತ್ತೇವೆ ಎಂದು ಅದರ ಅರ್ಥ. ಆ ಪರದೆಯ ಕೆಳಗೇ ಅಬಲೂರಿನ ದಾನವ್ವ ಬಾತ ಕಾಲು ಚಾಚಿಕೊಂಡು ಕುಳಿತಿದ್ದಳು. ಮೊದಲ ಬಸ್ಸಿಗೆ ಬಂದವಳು, ಮಧ್ಯಾಹ್ನವಾದರೂ ತನ್ನ ಹೆಸರು ಕರೆದಾರೆಂದು ಕಾಯುತ್ತಲೇ ಇದ್ದಳು.

“ನನಗ ಓದಾಕ ಬರೂದು ಕನ್ನಡ ಅಷ್ಟ ಯವ್ವಾ,” ಎಂದಳು ದಾನವ್ವ. “ಅದೂ ಅಕ್ಷರ ದೊಡ್ಡೂ ಇದ್ರ.”

ತರುಣನ ಮುಖ ಸಪ್ಪಗಾಯಿತು. ಎದ್ದು ಹೋಗಿ ದಾನವ್ವನ ಕೈ ಹಿಡಿದು ಒಳಗೆ ಕರೆದೊಯ್ದ. ಬೇರೆ ಯಂತ್ರದ ಹತ್ತಿರ ಅವಳನ್ನು ಮಲಗಿಸಿ, ನರ್ಸಿಗೆ ಹೇಳಿ ಹೊರಗೆ ಬಂದ.

“ಪ್ರೋಗ್ರಾಮ್ ಬರದಾವ ನಾನ ರೀ. ತಪ್ಪಾತು. ಕನ್ನಡದಾಗ ಹಾಕಬೇಕು ಅಂತ ಮೊದಲಿಂದ ಐತಿ. ಆದ್ರ ನಾ ಬರದ್ರ ಅದು ಕೋರ್ಟಿನ ನೋಟಿಸ್ ಆಗತೈತಿ. ನೀವು ಬರದು ಕೊಡ್ತೀರೇನು?”

“ನಾನಾ?”

“ಬೈಯೂದು ಇಷ್ಟು ಚಂದ ಬರತೈತಿ ಅಂದ್ರ, ಬರಿಯೂದೂ ಬಂದಿರಬೇಕಲ್ರಿ.”

ಹಿಂದೆ ಬಾಕಿನ ಮೇಲೆ ಕುಳಿತಿದ್ದ ಅವಳ ತಾಯಿ ಗೋಪಿಕಾಬಾಯಿ ಸೆರಗು ಬಾಯಿಗೆ ಹಿಡಿದು ನಕ್ಕರು. ತಾಯಿ ನಕ್ಕು ಎಷ್ಟು ದಿನವಾಗಿತ್ತೋ! ಆ ಒಂದು ನಗುವಿಗಾಗಿ ಹರಿಪ್ರಿಯಾ ಹೂಂ ಎಂದಳು.

ಗೋಪಿಕಾಬಾಯಿ ಸವಣೂರಿನವರು. ಗಂಡ ಸಂಸ್ಕೃತ ಪಾಠಶಾಲೆಯ ಮಾಸ್ತರರು. ಮಗಳು ಚಿಕ್ಕವಳಿದ್ದಾಗಲೇ ದೇವರ ಪಾದ ಸೇರಿದ್ದರು. ಈಗ ಈ ತಾಯಿಯ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದ್ದವು. ಮಂಗಳವಾರ, ಶುಕ್ರವಾರ ಬಸ್ಸು ಹತ್ತಿ ಹಾನಗಲ್ಲಿಗೆ ಬಂದು ರಕ್ತ ಶುದ್ಧಿ ಮಾಡಿಸಿಕೊಂಡು ಹೋಗಬೇಕು. ಹರಿಪ್ರಿಯಾ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಕೆಲಸ ಬಿಟ್ಟು ತಾಯಿಯ ಬೆನ್ನಿಗೆ ನಿಂತಿದ್ದಳು.

ಆ ತರುಣ ರುದ್ರೇಶ, ಹಿರೇಬೆಂಡಿಗೇರಿಯ ಒಕ್ಕಲುತನದ ಮನೆಯವನು. ಶಿಗ್ಗಾಂವಿಯಲ್ಲಿ ಒಂದು ಖೋಲಿ ಹಿಡಿದು ಅಕ್ಕಿ ಗಿರಣಿಗಳಿಗೆ, ಸೊಸೈಟಿಗಳಿಗೆ ಪ್ರೋಗ್ರಾಮ್ ಬರೆದು ಕೊಡುತ್ತಿದ್ದ.

ಮುಂದಿನ ಪಾಳಿಯ ದಿನ ಅವನು ಲ್ಯಾಪ್‌ಟಾಪ್ ತಂದು ಗೋಪಿಕಾಬಾಯಿಯ ಮಂಚದ ಬದಿಗೆ ಕುಳಿತ.

“ನಾ ಪ್ರೋಗ್ರಾಮ್ ಬರಿಯೋ ಭಾಷಾದ ಲೈಬ್ರರಿಯೊಳಗ, ಅಂದ್ರ ಮೊದಲ ಬರದಿಟ್ಟ ಕೋಡಿನ ಗಂಟಿನ್ಯಾಗ, ಇದಕ್ಕಂತನ ಒಂದು ಸೌಲಭ್ಯ ಐತ್ರಿ. ಮಂದಿಗೆ ಹೇಳೋ ಮಾತೆಲ್ಲಾ ಬ್ಯಾರೆ ಫೈಲಿನ್ಯಾಗ ಇಡೋದು. ಮ್ಯಾಲೆ ಇಂಗ್ಲಿಷ್ ಸಾಲು, ಕೆಳಗ ನಿಮ್ಮ ಸಾಲು. ಚಾಲೂ ಆದ ಕೂಡಲೆ ಪ್ರೋಗ್ರಾಮು ಕೇಳತೈತಿ, ‘ನಾ ಯಾವ ನಾಡಿನ್ಯಾಗ ಅದೇನಿ, ಇಲ್ಲಿ ಯಾವ ಮಾತು ನಡೀತೈತಿ?’ ಅಂತ. ಕನ್ನಡ ಅಂತ ನಾವು ಹೇಳಿಟ್ರ, ನಿಮ್ಮ ಸಾಲು ಹುಡುಕಿ ತೋರಸತೈತಿ. ಹೆಸರು, ತಾರೀಖು ಬರೋ ಜಾಗಾನೂ ನಿಮಗ ಹೆಂಗ ಬೇಕು ಹಂಗ ಇಟ್ಟುಕೋರಿ.”

“ನಾ ಒಂದು ಸಾಲು ಬರೀದ ಬಿಟ್ರ?”

“ಪ್ರೋಗ್ರಾಮ್ ನಿಂದ್ರಂಗಿಲ್ಲ, ಸಿಟ್ಟಾಗಂಗಿಲ್ಲ. ಇಂಗ್ಲಿಷ್ ಸಾಲನ್ನ ಸುಮ್ಮನ ತೋರಸತೈತಿ.”

“ನನಗಿಂತ ಶಾಣ್ಯಾ ಅದ ಹಂಗಾದ್ರ,” ಎಂದಳು ಹರಿಪ್ರಿಯಾ.

ಹೀಗೆ ಕೆಲಸ ಸಾಗಿತು. ಯಂತ್ರ ತಾಯಿಯ ರಕ್ತವನ್ನು ತೊಳೆಯುವ ಹೊತ್ತಿನಲ್ಲಿ ಮಗಳು ಒಂದೊಂದೇ ಸಾಲು ಬರೆಯುವಳು. ‘ನಂಬರ ಹೊಂದಲಿಲ್ಲ, ಇನ್ನೊಮ್ಮೆ ನೋಡ್ರಿ.’ ‘ಇವತ್ತು ಡಾಕ್ಟರು ತಡಾ ಮಾಡಿ ಬರ್ತಾರ, ಚಾ ಕುಡದು ಬರ್ರಿ.’

“ಕಂಪ್ಯೂಟರ್ ಎಲ್ಲೆರ ‘ರೀ’ ಅಂತೈತೇನ್ರಿ?” ಎಂದು ರುದ್ರೇಶ ನಕ್ಕ.

“ಇಲ್ಲಿ ಬರೋರೆಲ್ಲಾ ನಮ್ಮವ್ವನ ವಾರಿಗೆಯವರು. ‘ರೀ’ ಅಂದ್ರ ಅದರ ಗಂಟೇನು ಹೋಗ್ತದ?”

ಮೊದಲ ಸಲ ಕನ್ನಡ ಮೂಡಿದ ದಿನ ದಾನವ್ವ ಪರದೆ ನೋಡುತ್ತ ಕೂಡಿಸಿ ಕೂಡಿಸಿ ಓದಿದಳು: “ದಾನವ್ವ ಅವರ, ನಿಮ್ಮ ಪಾಳಿ ಬಂತು, ಎರಡನೇ ಮಂಚಕ್ಕ ಬರ್ರಿ.” ಆಮೇಲೆ ಸೆರಗು ಸರಿಪಡಿಸಿಕೊಂಡು ಎದ್ದು, ಪರದೆಗೇ ಉತ್ತರ ಕೊಟ್ಟಳು. “ಬಂದ್ನೆಪಾ.”

ಎಲ್ಲರೂ ನಕ್ಕರು. ರುದ್ರೇಶ ಮಾತ್ರ ನಗದೆ ಹರಿಪ್ರಿಯಾಳನ್ನೇ ನೋಡುತ್ತಿದ್ದ. ಅವಳು ಅದನ್ನು ಕಂಡಳು... ಕಂಡೂ ಕಾಣದ ಹಾಗೆ ತಲೆ ಬಗ್ಗಿಸಿದಳು.

ಆಮೇಲೆ ಬಸ್ಸಿನಿಂದ ಇಳಿದ ಕೂಡಲೇ ಅವಳ ಕಣ್ಣು ಕೇಂದ್ರದ ಅಂಗಳದಲ್ಲಿ ಅವನ ಮೋಟಾರ್ ಸೈಕಲ್ ಹುಡುಕತೊಡಗಿತು. ‘ಅವರ ಮನಿತನ ಬ್ಯಾರೆ, ನಮ್ಮ ಮನಿತನ ಬ್ಯಾರೆ. ಇದೇನು ನನಗ?’ ಎಂದು ತನ್ನನ್ನೇ ಗದರಿಸಿಕೊಳ್ಳುವಳು. ಗೋಪಿಕಾಬಾಯಿ ತುಳಸಿ ಮಣಿ ಎಣಿಸುತ್ತ ಇಬ್ಬರನ್ನೂ ನೋಡುತ್ತಿದ್ದರು.

ಕೊನೆಗೆ ಒಂದೇ ಸಾಲು ಉಳಿಯಿತು.

ರೋಗಿ ತೀರಿಕೊಂಡಾಗ ಅವರ ಹೆಸರನ್ನು ತೆಗೆದು, ಮನೆಯವರ ಫೋನಿಗೆ ಹೋಗುವ ಸಂದೇಶ ಅದು. ಹರಿಪ್ರಿಯಾ ಅದನ್ನು ಓದಿದಳು. ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದ ತಾಯಿಯನ್ನು ನೋಡಿದಳು. ದೇವರ ಮುಂದಿನ ದೀಪವನ್ನೂ ಆರಿಸು ಎನ್ನದೆ ಶಾಂತ ಮಾಡು ಎನ್ನುವ ಮನೆಯಲ್ಲಿ ಬೆಳೆದವಳು ಆ ಮಾತನ್ನು ಹೇಗೆ ಬರೆದಾಳು? ಬರೆದರೆ ಅದು ನಿಜವಾಗಿಬಿಟ್ಟರೆ?

ಖಾಲಿ ಬಿಟ್ಟು ಲ್ಯಾಪ್‌ಟಾಪ್ ಮುಚ್ಚಿದಳು. ರುದ್ರೇಶ ಅದನ್ನು ನೋಡಿದ.

ಅದರ ಮುಂದಿನ ಶುಕ್ರವಾರ ಅವಳು ಬಸ್ ಸ್ಟ್ಯಾಂಡಿನ ಹತ್ತಿರದ ಔಷಧದ ಅಂಗಡಿಗೆ ಹೋಗಿದ್ದಾಗ ಫೋನು ಸದ್ದು ಮಾಡಿತು. ಕೇಂದ್ರದಿಂದ ಬಂದ ಸಂದೇಶ. ಇಂಗ್ಲಿಷ್ ಸಾಲು. ತಾಯಿಯ ಹೆಸರು ಇತ್ತು. ಅವರು ಮೃತರಾಗಿದ್ದಾರೆ, ಅವರ ಎಲ್ಲ ಪಾಳಿಗಳೂ ರದ್ದಾಗಿವೆ ಎಂದಿತ್ತು.

ಔಷಧ ಅಂಗಡಿಯಲ್ಲೇ ಉಳಿಯಿತು. ಅವಳು ಓಡಿದಳು. ಬಿಸಿಲಲ್ಲಿ, ಚಪ್ಪಲಿ ಕಿತ್ತದ್ದೂ ತಿಳಿಯದೆ, ಬಾಯಲ್ಲಿ ದೇವರ ಹೆಸರೂ ಬಾರದೆ...

ಮಂಚದ ಮೇಲೆ ಗೋಪಿಕಾಬಾಯಿ ದಿಂಬಿಗೆ ಒರಗಿ ಕುಳಿತಿದ್ದರು! ಬದಿಗೆ ರುದ್ರೇಶ, ಅವನ ತೊಡೆಯ ಮೇಲೆ ಲ್ಯಾಪ್‌ಟಾಪ್.

“ಯಾಕ ಹಿಂಗ ಓಡಿ ಬಂದಿ ಹರಿ? ಮೊದಲ ನೀರು ಕುಡಿ,” ಎಂದರು ತಾಯಿ.

ಹರಿಪ್ರಿಯಾ ರುದ್ರೇಶನಿಗೆ ಕಣ್ಣಿನಲ್ಲೇ ಹೊರಗೆ ಬರಹೇಳಿ, ಅಂಗಳದಲ್ಲಿ ಫೋನು ತೋರಿಸಿದಳು. ಅವನ ಮುಖದ ರಕ್ತ ಇಳಿದು ಹೋಯಿತು.

“ಇದನ್ನ ಕಳಿಸಿದವರು ನೀವು?”

“ಹೌದ್ರಿ... ಪರೀಕ್ಷಾ ಮಾಡಾಕತ್ತಿದ್ದೆ. ಅದು ಹೊರಗ ಹೋಗತೈತಿ ಅಂತ...”

“ನಮ್ಮವ್ವನ ಹೆಸರು ಹಾಕಿ?”

ಅವನು ಫೋನಿನ ಮೇಲಿನ ಹೆಸರನ್ನು ಮತ್ತೊಮ್ಮೆ ಓದಿದ.

“ಬ್ಯಾರೆ ಹೆಸರು ಸಿಗಲಿಲ್ಲ ನಿಮಗ? ಒಂದು ಸುಳ್ಳು ಹೆಸರು ಹುಟ್ಟಲಿಲ್ಲ ಬಾಯಾಗ?”

ರುದ್ರೇಶ ಏನೋ ಹೇಳಲು ಬಾಯಿ ತೆರೆದ. ಒಳಗಿನ ಮಂಚದ ಕಡೆ ಒಮ್ಮೆ ನೋಡಿದ. ಬಾಯಿ ಮುಚ್ಚಿದ.

“ತಪ್ಪಾತ್ರಿ.”

“ಮೊದಲ ದಿನಾನೂ ಇದನ್ನ ಅಂದಿದ್ರಿ. ಇನ್ನ ನಮ್ಮವ್ವನ ಕಣ್ಣಿಗೆ ಬೀಳಬ್ಯಾಡ್ರಿ. ನನ್ನ ಕಣ್ಣಿಗೂ.”

ಅವನು ಹೋದ.

ಹರಿಪ್ರಿಯಾ ಆ ಸಂದೇಶವನ್ನು ಅಳಿಸಿ ಹಾಕಿದಳು. ತಾಯಿಗೆ ಒಂದು ಮಾತೂ ಹೇಳಲಿಲ್ಲ. ಹೇಗೆ ಹೇಳುವುದು?

“ರುದ್ರೇಶ ಯಾಕ ಬರವಲ್ಲ?” ಎಂದು ಗೋಪಿಕಾಬಾಯಿ ಮಂಗಳವಾರ ಕೇಳಿದರು. ಶುಕ್ರವಾರವೂ ಕೇಳಿದರು.

“ಗಿರಣಿ ಸುಗ್ಗಿ ಅಲ್ಲಾ ಅವ್ವ, ಕೆಲಸ ಭಾಳ ಅಂತ.”

“ಚೊಲೋ ಹುಡುಗ,” ಎಂದು ಅವರು ಬಾಗಿಲ ಕಡೆ ನೋಡುತ್ತಿದ್ದರು. ಮಗಳು ತುಟಿ ಕಚ್ಚಿಕೊಂಡು ನಗುತ್ತಿದ್ದಳು. ಅಳು ಬಂದಾಗಲೆಲ್ಲ ಅವನ ಮೇಲಿನ ಸಿಟ್ಟನ್ನು ನೆನೆಯುತ್ತಿದ್ದಳು. ಸಿಟ್ಟು ಬಂದರೆ ಅಳು ನಿಲ್ಲುತ್ತಿತ್ತು.

ಧನುರ್ಮಾಸದ ಒಂದು ಬೆಳಿಗ್ಗೆ, ಪೂಜೆಯ ತುಳಸಿ ತೀರ್ಥ ನಾಲಗೆಗೆ ಬಿದ್ದ ಮೇಲೆ, ಗೋಪಿಕಾಬಾಯಿಯ ಉಸಿರು ಮೆಲ್ಲಗೆ ನಿಂತಿತು. ನಾರಾಯಣ ತನ್ನವರನ್ನು ಕರೆಯುವಾಗ ನಮ್ಮನ್ನು ಕೇಳುವುದಿಲ್ಲ. ಉಳಿದವರು ಹೂಂ ಅನ್ನಬೇಕು, ಅಷ್ಟೇ.

ಅಂದು ರುದ್ರೇಶ ಸವಣೂರಿಗೆ ಬಂದು, ಮನೆಯ ಎದುರಿನ ಬೇವಿನ ಮರದ ಕೆಳಗೆ ನಿಂತಿದ್ದ. ಹರಿಪ್ರಿಯಾ ನೋಡಿದಳು. ಮುಖ ತಿರುಗಿಸಿದಳು.

ಮೂರನೆಯ ದಿನ ಕೇಂದ್ರದಿಂದ ಸಂದೇಶ ಬಂತು. ಮತ್ತೆ ಆ ಇಂಗ್ಲಿಷ್ ಸಾಲೇ ಎಂದು ಎದೆ ಗಟ್ಟಿ ಮಾಡಿಕೊಂಡು ತೆರೆದಳು. ಕನ್ನಡವಿತ್ತು.

‘ನಿಮ್ಮ ಮನಿಯ ಗೋಪಿಕಾಬಾಯಿ ಅವರಿಗೆ ಇನ್ನ ಸೂಜಿ ಇಲ್ಲ, ಬಸ್ಸಿನ ತ್ರಾಸಿಲ್ಲ. ಅವರ ಪಾಳಿ ನಾವ ಬಿಡಿಸೇವಿ. ಇಷ್ಟು ದಿನ ಕೈ ಹಿಡಿದು ಕರಕೊಂಡು ಬಂದ್ರಿ. ಇನ್ನ ನೀವು ಹೊತ್ತಿಗೆ ಊಟ ಮಾಡ್ರಿ, ಒಂದಿಷ್ಟು ಮಲಕೋರ್ರಿ.’

ತಾಯಿ ಹೋದ ಮೇಲೆ ಆ ಕ್ಷಣದವರೆಗೆ ಹರಿಪ್ರಿಯಾ ಅತ್ತಿರಲಿಲ್ಲ. ಆಗ ಅತ್ತಳು. ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು, ಫೋನನ್ನು ಎದೆಗೆ ಒತ್ತಿಕೊಂಡು, ದನಿ ತೆಗೆದು ಅತ್ತಳು.

ಅತ್ತು ಮುಗಿದ ಮೇಲೆ ಒಂದು ಪ್ರಶ್ನೆ ಉಳಿಯಿತು. ಈ ಸಾಲು ತಾನು ಬರೆದದ್ದಲ್ಲ. ರುದ್ರೇಶನಿಗೆ ಹೀಗೆ ಬರೆಯಲು ಬಾರದು. ಹಾಗಾದರೆ ಯಾರು?

ವೈಕುಂಠ ಸಮಾರಾಧನೆ ಮುಗಿಸಿಕೊಂಡು, ಮನೆಯಲ್ಲಿ ಉಳಿದಿದ್ದ ಔಷಧಗಳನ್ನು ಬೇಕಾದವರಿಗೆ ಕೊಡಲೆಂದು ಹಾನಗಲ್ಲಿಗೆ ಹೋದಳು. ಎರಡನೇ ಮಂಚದಲ್ಲಿ ದಾನವ್ವ ಮಲಗಿದ್ದಳು. ಹರಿಪ್ರಿಯಾ ಫೋನು ತೆಗೆದು ಆ ಸಾಲನ್ನು ಓದಿ ಹೇಳಿ, ಇದು ಯಾರ ಮಾತು ಎಂದು ಕೇಳಿದಳು.

“ಯಾರ ಮಾತು ಅಂತ ನನ್ನ ಕೇಳ್ತಿಯಲ್ಲ ತಂಗಿ, ನಿಮ್ಮವ್ವನವು ಅವು,” ಎಂದಳು ದಾನವ್ವ. “ನಾ ಬಾಜೂ ಮಂಚದಾಗ ಇದ್ನೆಲ್ಲ. ಅವತ್ತ ನೀ ಔಷಧ ತರಾಕ ಹೋದಿ. ‘ನನ್ನ ಮಗಳು ಒಂದು ಸಾಲು ಬಿಟ್ಟಾಳ, ಯಾವುದು ಅಂತ ನನಗ ಗೊತ್ತದ. ಹಂಗ ಬಿಟ್ರ ಮನಿ ಮಂದಿಗೆ ಏನು ಹೋಗ್ತದ, ತೋರ್ಸು’ ಅಂದ್ಲು. ತೋರಸಬೇಕಂದ್ರ ಒಂದು ಹೆಸರು ಹಾಕಬೇಕಂತ. ಆ ಹುಡುಗ ಸುಳ್ಳ ಹೆಸರು ಹಾಕ್ತೇನಿ ಅಂದ.”

“ಮತ್ತ?”

“ನಿಮ್ಮವ್ವ ಬಿಡಬೇಕಲ್ಲ! ‘ಸುಳ್ಳು ಹೆಸರಿನಾಕಿ ಎಲ್ಲೋ ಒಂದು ಊರಾಗ ಇದ್ದೇ ಇರ್ತಾಳಪಾ. ಬದುಕಿ ಬಾಳೋರ ಹೆಸರು ಅದಕ್ಕ ಹಾಕಬಾರದು. ನಾ ಹೊಂಟಾಕಿ, ನಂದು ಹಾಕು’ ಅಂದ್ಲು. ಅಂವ ಒಲ್ಲೆ ಒಲ್ಲೆ ಅಂದ. ಕಡೀಕ ಕಣ್ಣು ಮುಚ್ಚಿಕೊಂಡು ಒತ್ತಿದ.”

ಹರಿಪ್ರಿಯಾ ಮಂಚದ ಕಂಬಿ ಹಿಡಿದುಕೊಂಡಳು.

“ಇಂಗ್ಲಿಷ್‌ನಾಗ ಬಂದದ್ದನ್ನ ಓದಿಸಿ ಕೇಳಿದ್ಲು. ‘ಇಷ್ಟ ಏನು? ಉಳಿದವರಿಗೆ ಒಂದು ಮಾತಿಲ್ಲ?’ ಅಂತ ತಾನ ಹೇಳಿ ಬರಸಿದ್ಲು. ‘ನಾ ಇರೋತನಕ ಹರಿಗೆ ಹೇಳಬ್ಯಾಡ್ರಿ’ ಅಂತ ಇಬ್ಬರ ಕಡೆಯಿಂದಾನೂ ಆಣಿ ತಗೊಂಡ್ಲು.”

“ರುದ್ರೇಶ ಅವರು ನನಗ ಏನೂ ಹೇಳಲೇ ಇಲ್ಲ, ದಾನವ್ವ...”

“ನೀ ಹೇಳಗೊಟ್ಟಿಯೇನು?”

ಹರಿಪ್ರಿಯಾ ಸವಣೂರಿನ ಬಸ್ಸು ಬಿಟ್ಟು ಶಿಗ್ಗಾಂವಿಯ ಬಸ್ಸು ಹತ್ತಿದಳು.

ರುದ್ರೇಶನ ಖೋಲಿ ಪೇಟೆಯಲ್ಲಿ, ಕಿರಾಣಿ ಅಂಗಡಿಯ ಮಾಳಿಗೆಯ ಮೇಲಿತ್ತು. ಬಾಗಿಲಲ್ಲಿ ಅವಳನ್ನು ಕಂಡು ಅವನು ಎದ್ದು ನಿಂತ. ಸೊರಗಿದ್ದ.

“ಬರ್ರಿ. ಕುಂದರ್ರಿ.”

“ದಾನವ್ವ ಎಲ್ಲಾ ಹೇಳಿದ್ರು,” ಎಂದಳು, ನಿಂತೇ. “ಅವ್ವನಿಗೆ ಮಾತು ಕೊಟ್ಟಿದ್ರಿ, ಅವತ್ತ ಹೇಳಲಿಲ್ಲ. ಆಕಿ ಹೋದ ಮ್ಯಾಲೆ ಯಾಕ ಹೇಳಲಿಲ್ಲ?”

“ಅಳೋ ಮನಿಗೆ ಬಂದು, ನಂದೇನೂ ತಪ್ಪಿಲ್ಲ ನೋಡ್ರಿ ಅನ್ನೂದಾ? ಮನಸ್ಸು ಬರಲಿಲ್ಲ. ಮತ್ತ, ತಪ್ಪು ಇಲ್ಲಂತಲೂ ಅಲ್ಲ. ಫೋನಿಗೆ ಹೋಗೋದನ್ನ ಬಂದ್ ಮಾಡೇನಿ ಅಂತ ತಿಳಕೊಂಡಿದ್ದೆ, ಮಾಡಿರಲಿಲ್ಲ. ನಿಮಗ ಅದು ಮುಟ್ಟಬಾರದಿತ್ತು.”

“ಅವ್ವ ನಿಮ್ಮ ದಾರಿ ನೋಡ್ತಿದ್ಲು,” ಎಂದಳು. “ಯಾಕ ಬರವಲ್ಲ ಅಂತ ಕೇಳೇ ಕೇಳ್ತಿದ್ಲು. ನಾ ಸುಳ್ಳು ಹೇಳ್ತಿದ್ದೆ. ಕಡೀ ದಿವಸದಾಗ ಆಕಿ ಬೇಡಿದ್ದು ಅದೊಂದ. ಅದನ್ನೂ ನಾನ ತಡದೆ...”

ರುದ್ರೇಶ ತಂಬಿಗೆಯಲ್ಲಿ ನೀರು ತಂದು ಅವಳ ಮುಂದಿಟ್ಟ.

“ನಾ ಬರ್ತಿದ್ದೆ ಹಾನಗಲ್ಲಿಗೆ. ಖಿಡಕಿ ಹೊರಗ ನಿಂದ್ರತಿದ್ದೆ. ಅವರ ಪಾಳಿ ಬಂತು ಅಂತ ಪರದೆ ಮ್ಯಾಲೆ ಬಂದು, ಅವರು ನಿಮ್ಮ ಹೆಗಲ ಹಿಡಕೊಂಡು ಒಳಗ ಹೋಗೋದು ನೋಡಿ ಹೋಗ್ತಿದ್ದೆ. ಖರೇ ಸಂಗತಿ ನಿಮಗ ಹೇಳಿದ್ರ, ಅವರ ಮುಖಾ ನೋಡಿದಾಗೊಮ್ಮೆ ನೀವು ಅಳ್ತಿದ್ರಿ. ಅವರಿಗೆ ಅದು ಬ್ಯಾಡಾಗಿತ್ತು. ನನ್ನ ಬೈಕೊಂತರ ಇರ್ಲಿ ಅಂದ್ಕೊಂಡೆ.”

ಹರಿಪ್ರಿಯಾ ಕುಳಿತಳು. ಕೆಳಗೆ ಅಂಗಡಿಯಲ್ಲಿ ಯಾರೋ ಬೆಲ್ಲದ ದರ ಕೇಳುತ್ತಿದ್ದರು. ಅವಳು ತಂಬಿಗೆ ಎತ್ತಿ ನೀರು ಕುಡಿದಳು.

“ಅವ್ವ ಅವತ್ತ ಮತ್ತೇನರೆ ಅಂದ್ಲೇನು?”

“ಅಂದ್ರು. ಅದನ್ನ ನಾ ಹೆಂಗ ಹೇಳ್ಲಿ...”

“ಹೇಳ್ರಿ. ಆಕಿ ಮಾತು ಇನ್ನೊಂದು ಇದ್ರ ನನಗ ಬೇಕು.”

ರುದ್ರೇಶ ನೆಲ ನೋಡುತ್ತ ಹೇಳಿದ. “‘ನಮ್ಮ ಹರಿಗೆ ಸಿಟ್ಟು ಭಾಳ. ನಾ ಇಲ್ಲದ ಮ್ಯಾಲೆ ಅದನ್ನ ತಡಕೊಳ್ಳೋರು ಒಬ್ಬರು ಬೇಕು. ನಿನ್ನ ಕಡೆ ಆಗ್ತದೇನಪಾ’ ಅಂದ್ರು.”

“ನಿಮ್ಮ ಮನಿತನ, ನಮ್ಮ ಮನಿತನ ಗೊತ್ತಿದ್ದೂ?”

“ಅದನ್ನ ನಾನೂ ಕೇಳಿದೆ. ‘ದೇವರ ಮುಂದ ನಾ ಮಾತಾಡ್ತೇನಿ, ಮಂದಿ ಮುಂದ ನೀವು ಮಾತಾಡ್ರಿ’ ಅಂದ್ರು.”

ಹರಿಪ್ರಿಯಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅದರ ಒಳಗಿನಿಂದಲೇ ಕೇಳಿದಳು. “ನೀವೇನಂದ್ರಿ?”

“ಅಷ್ಟರಾಗ ನೀವು ಓಡಿ ಬಂದ್ರಿ.”

“ಈಗ ಹೇಳ್ರಿ.”

“ತಡಕೊಂಡೇನಲ್ರಿ ಇಷ್ಟು ದಿನ.”

ಅವಳು ಸೆರಗು ತೆಗೆದು ಅವನನ್ನು ನೋಡಿದಳು. ಕಣ್ಣೀರು ಇನ್ನೂ ನಿಂತಿರಲಿಲ್ಲ.

“ಸಿಟ್ಟು ಇನ್ನೂ ಭಾಳ ಅದ.”

“ಇರಲಿ,” ಎಂದ ರುದ್ರೇಶ. “ನಾ ಇಲ್ಲೇ ಅದೇನಿ.”