ಭರಚುಕ್ಕಿಯಲ್ಲಿ ಅಜ್ಜಿಯ ಪೂಜೆ

"ಅಜ್ಜಿಗೆ ಮೆಟ್ಟಿಲು ಇಳಿಯೋಕಾಗಲ್ಲ, ಜೊತೆಗೆ ಯಾರಾದ್ರೂ ಇರ್ಬೇಕಲ್ಲ. ನೀನೇ ಇರು ಕುಮಾರಿ, ನೀನು ಜಾಣೆ" ಎಂದು ಹೇಳಿ ಅಮ್ಮ ಮೆಟ್ಟಿಲು ಇಳಿದೇಬಿಟ್ಟರು. ಅಪ್ಪ, ಅಣ್ಣ, ಚಿಕ್ಕಪ್ಪ ಆಗಲೇ ಮುಂದೆ ಹೋಗಿದ್ದರು.

ಜಾಣೆ ಅಂದರೆ ಸಾಕು, ಕೆಲಸ ಕುತ್ತಿಗೆಗೆ ಬಿತ್ತು ಎಂದೇ ಅರ್ಥ. ಶಿವಕುಮಾರಿ ಮುಖ ಊದಿಸಿಕೊಂಡು ಮರದ ಕೆಳಗೆ ಅಜ್ಜಿಯ ಪಕ್ಕ ಕುಳಿತಳು.

ಚಾಮರಾಜಪೇಟೆಯಿಂದ ಇಷ್ಟು ದೂರ ಪ್ರವಾಸದ ಬಸ್ಸಿನಲ್ಲಿ ಕುಲುಕಾಡಿಕೊಂಡು ಬಂದದ್ದೇ ಭರಚುಕ್ಕಿ ಜಲಪಾತದ ಬುಡದಲ್ಲಿ ನಿಂತು ನೆನೆಯುವುದಕ್ಕೆ. ಇಲ್ಲಿ ಮೇಲಿನಿಂದ ಕಾಣುತ್ತಿದ್ದದ್ದು ಹೊಗೆಯಂಥ ತುಂತುರು ಮಾತ್ರ. ಕಾವೇರಿ ಕಮರಿಗೆ ಧುಮುಕುವ ಸದ್ದು ಬೇರೆ ಹೊಟ್ಟೆ ಉರಿಸುತ್ತಿತ್ತು. ಹೋದ ವರ್ಷ ಇಲ್ಲಿಗೆ ಬಂದಿದ್ದ ರುದ್ರಾಣಿ ಕ್ಲಾಸಿನಲ್ಲೆಲ್ಲ ಜಂಬ ಕೊಚ್ಚಿದ್ದಳು. ನಾಳೆ ಅವಳು "ನೆಂದ್ಯೇನೆ?" ಎಂದು ಕೇಳಿದರೆ ಏನು ಹೇಳುವುದು?

ಕೋಪ ಬಂದರೂ ಹಸಿವು ಬಿಡುವುದಿಲ್ಲ. ಬುತ್ತಿಯ ಡಬ್ಬಿ ತೆಗೆದಳು.

"ತಗೋ ಅಜ್ಜಿ, ಚಿತ್ರಾನ್ನ."

"ನೀನು ತಿನ್ನು ಮಗಾ. ನಂಗೆ ಬೇಡ."

"ಬಸ್ಸಲ್ಲೂ ಉಪ್ಪಿಟ್ಟು ತಿನ್ಲಿಲ್ಲ ನೀನು. ನೀರಾದ್ರೂ ಕುಡಿ."

"ಲಿಂಗಪೂಜೆ ಆಗಿಲ್ವಲ್ಲ. ಮನೆಗೆ ಹೋಗಿ ಮಾಡ್ಕೋತೀನಿ ಬಿಡು." ಅಜ್ಜಿಯ ತುಟಿ ಒಣಗಿತ್ತು.

ತುತ್ತು ಶಿವಕುಮಾರಿಯ ಕೈಯಲ್ಲೇ ಉಳಿಯಿತು. ಬೆಳಿಗ್ಗೆ ಅಜ್ಜಿ ಸ್ನಾನ ಮುಗಿಸಿ ಪೂಜೆಗೆ ಮಣೆ ಹಾಕಿಕೊಂಡಿದ್ದರು. "ಕಿಟಕಿ ಸೀಟು ಹೋಗತ್ತೆ, ಏಳಜ್ಜಿ" ಎಂದು ಕೈಹಿಡಿದು ಎಬ್ಬಿಸಿದವಳು ಬೇರೆ ಯಾರೂ ಅಲ್ಲ, ಇವಳೇ. ಪೂಜೆಯಾಗದೆ ಅಜ್ಜಿ ಹನಿ ನೀರೂ ಮುಟ್ಟುವುದಿಲ್ಲ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಗಡಿಬಿಡಿಯಲ್ಲಿ ಯಾರಿಗೂ ನೆನಪಾಗಿರಲಿಲ್ಲ. ಅವಳಿಗೆ ಅಳು ಬಂದಹಾಗಾಯಿತು.

"ಮನೆ ಸೇರೋದು ಕತ್ತಲಾಗತ್ತೆ. ಇಲ್ಲೇ ಮಾಡಜ್ಜಿ."

"ಇಲ್ಲಿ ಪೂಜೆಗೆ ಹೊಸ ನೀರು ಯಾರು ತರ್ತಾರೆ?"

"ನಾನಿಲ್ವಾ?"

ಚೊಂಬು ಹಿಡಿದು ಓಡಿದಳು. ಹತ್ತಿರದ ಕಾಲುವೆಯಿಂದ ನೀರು ತಂದಳು, ಚಪ್ಪಟೆ ಕಲ್ಲೊಂದನ್ನು ತೊಳೆದಳು. ಅಜ್ಜಿ ಎದೆಯ ಮೇಲಿನ ಕರಡಿಗೆ ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡರು. ಗಾಳಿ ಬೀಸಿತು, ವಿಭೂತಿ ಹಾರತೊಡಗಿತು. ಶಿವಕುಮಾರಿ ಅಜ್ಜಿಯ ಶಾಲನ್ನು ಎರಡೂ ಕೈಯಲ್ಲಿ ಅಗಲಿಸಿ ಗಾಳಿಗೆ ಅಡ್ಡ ನಿಂತಳು.

ಅಷ್ಟರಲ್ಲಿ ಚಿಕ್ಕಪ್ಪ ಏದುಸಿರು ಬಿಡುತ್ತ ಮೇಲೆ ಬಂದರು. ಅವರ ಪಂಚೆಯೆಲ್ಲ ಒದ್ದೆ.

"ಬಾ ಕುಮಾರಿ, ಬೇಗ. ಇನ್ನೇನು ಬಸ್ಸು ಹೊರಡತ್ತೆ. ಓಡಿ ಹೋಗಿ ನೋಡ್ಕೊಂಡು ಬಂದ್ಬಿಡೋಣ. ಅಜ್ಜಿ ಎಲ್ಲೂ ಹೋಗಲ್ಲ."

ಅವಳ ಕಾಲು ತಾನಾಗಿಯೇ ಮೆಟ್ಟಿಲ ಕಡೆ ತಿರುಗಿತು. ಶಾಲಿನ ಒಂದು ಅಂಚು ಜಾರಿತು. ಅಜ್ಜಿಯ ನರೆಗೂದಲು ಗಾಳಿಗೆ ಹಾರಾಡಿತು. ಅವರು ಕಣ್ಣು ಬಿಡಲಿಲ್ಲ. ಅಂಗೈಯನ್ನು ಮಾತ್ರ ಎದೆಯ ಹತ್ತಿರಕ್ಕೆ ತಂದುಕೊಂಡರು.

ಶಿವಕುಮಾರಿ ಜಾರಿದ ಅಂಚನ್ನು ಎತ್ತಿ ಹಿಡಿದಳು.

"ನೀವು ಹೋಗಿ ಚಿಕ್ಕಪ್ಪ" ಎಂದು ಪಿಸುಗುಟ್ಟಿದಳು. "ಅಜ್ಜಿ ಪೂಜೆ ಇನ್ನೂ ಇದೆ. ಅವಸರ ಮಾಡ್ಬೇಡಿ ಅಂತ ಡ್ರೈವರ್‌ಗೂ ಹೇಳಿ."

ತೋಳು ಸೋಲುತ್ತಿತ್ತು. ಆದರೂ ಅಜ್ಜಿ ನಿಧಾನವಾಗಿಯೇ ಪೂಜೆ ಮಾಡಲಿ ಎಂದುಕೊಂಡಳು.